ಕೈಚಲನೆಯೇ ಸ್ವರವಾದಾಗ

ಗದಗ ಜಿಲ್ಲೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಕಛೇರಿ ನೋಡಿದವರು ಅವರ ಕೈಗಳನ್ನು ಮರೆತಿರಲಾರರು. ತಾನಿನ ಜೊತೆಗೆ ತೋಳು ಏರುತ್ತಿತ್ತು. ಮೀಂಡಿನ ಜಾರಿಗೆ ಬೆರಳು ಗಾಳಿಯಲ್ಲೇ ಗೆರೆ ಎಳೆಯುತ್ತಿತ್ತು. ಇಂಥ ಚಲನೆಯಿಂದಲೇ ನಾದ ಹೊರಡಿಸುವ ವಾದ್ಯಗಳೂ ಇವೆ.

ಇವುಗಳ ಹಿರಿಯಣ್ಣ ಥೆರೆಮಿನ್. ರಷ್ಯಾದ ಲಿಯಾನ್ ಥೆರೆಮಿನ್ 1920ರ ಸುಮಾರಿಗೆ ರೂಪಿಸಿದ ಈ ವಾದ್ಯವನ್ನು ಯಾರೂ ಮುಟ್ಟುವುದಿಲ್ಲ. ಒಂದು ಆಂಟೆನಾ ಹತ್ತಿರ ಕೈ ತಂದರೆ ಸ್ವರ ಏರುತ್ತದೆ, ಇನ್ನೊಂದರ ಹತ್ತಿರ ತಂದರೆ ದನಿ ತಗ್ಗುತ್ತದೆ. ಮುಂದೆ 2006ರಲ್ಲಿ ನಿಂಟೆಂಡೊದ ವೀ ರಿಮೋಟ್, 2010ರಲ್ಲಿ ಮೈಕ್ರೋಸಾಫ್ಟ್‌ನ ಕಿನೆಕ್ಟ್ ಬಂದವು. ಆಟಕ್ಕೆಂದು ಮಾಡಿದ ಇವುಗಳನ್ನು ಸಂಗೀತಗಾರರು ವಾದ್ಯಗಳಾಗಿಸಿಕೊಂಡರು. ಈಗ ಅಂಥ ಸೆನ್ಸರ್‌ಗಳು ನಮ್ಮ ಮೊಬೈಲ್‌ನೊಳಗೇ ಇವೆ: ಅಲುಗಾಟ ಅಳೆಯುವ ಆಕ್ಸೆಲೆರೊಮೀಟರ್, ತಿರುವು ಅಳೆಯುವ ಗೈರೊಸ್ಕೋಪ್. ಪ್ಯೂರ್ ಡೇಟಾದಂಥ ಉಚಿತ ತಂತ್ರಾಂಶ ಆ ಅಳತೆಗಳನ್ನು ನಾದವಾಗಿಸುತ್ತದೆ.

ಹಿಂದೂಸ್ತಾನಿ ಸಂಗೀತಕ್ಕೆ ಇದರಿಂದ ಏನು ಲಾಭ? ಹಾರ್ಮೋನಿಯಂನಲ್ಲಿ ಒಂದು ಪಟ್ಟಿ ಬಿಟ್ಟು ಇನ್ನೊಂದನ್ನು ಒತ್ತಬೇಕು. ನಡುವಿನ ಜಾರು ಅದಕ್ಕೆ ಒಲಿಯದು. ಗಾಳಿಯಲ್ಲಾಡುವ ಕೈಗೆ ಅಂಥ ಕಟ್ಟಿಲ್ಲ. ಆದರೆ ಯಂತ್ರದ ಲೆಕ್ಕ ಸೂಕ್ಷ್ಮವಾಗಿರಬೇಕು. ವಾದ್ಯ, ಕಂಪ್ಯೂಟರ್‌ಗಳು ಸಂದೇಶ ಹಂಚಿಕೊಳ್ಳುವ ಮಿಡಿ ಪದ್ಧತಿಯಲ್ಲಿ ಸಾಮಾನ್ಯ ಸಂದೇಶಕ್ಕೆ 128 ಹಂತಗಳಷ್ಟೇ. ಒಂದು ಸಪ್ತಕವನ್ನು ಅಷ್ಟಕ್ಕೇ ಹಂಚಿದರೆ ಮೀಂಡು ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತದೆ. ಅದೇ ಪದ್ಧತಿಯ ‘ಪಿಚ್ ಬೆಂಡ್’ ಸಂದೇಶಕ್ಕೆ 16,384 ಹಂತಗಳಿದ್ದು, ಜಾರು ನುಣುಪಾಗುತ್ತದೆ. ಕೈ ಆಡಿದ ಕೂಡಲೇ ದನಿ ಬರಬೇಕು. ತಡವಾದರೆ ಲಯ ಕೆಡುತ್ತದೆ.

ಇಂಥ ಪ್ರಯೋಗಕ್ಕೆ ಗದುಗಿಗಿಂತ ತಕ್ಕ ನೆಲ ಯಾವುದು? ಪಂಚಾಕ್ಷರ ಗವಾಯಿಗಳು ಬೆಳೆಸಿದ, ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿದ ವೀರೇಶ್ವರ ಪುಣ್ಯಾಶ್ರಮ ಇಲ್ಲಿದೆ. ಕಣ್ಣು ಕಾಣದ ಮಕ್ಕಳಿಗೆ ಸಂಗೀತವನ್ನೇ ಬದುಕಾಗಿ ಕೊಟ್ಟ ಮನೆ ಅದು. ಥೆರೆಮಿನ್‌ನಲ್ಲಿ ಕಣ್ಣಿಗೆ ಕಾಣುವ ಪಟ್ಟಿಯೂ ಇಲ್ಲ, ಬೆರಳಿಗೆ ಸಿಗುವ ತಂತಿಯೂ ಇಲ್ಲ; ಸ್ವರದ ಜಾಗ ತಿಳಿಸುವುದು ಕಿವಿ. ಕಿವಿ ಪಳಗಿದವರಿಗೆ ಅದು ದೊಡ್ಡ ಬಲ. ಗದುಗಿನ ತೋಂಟದಾರ್ಯ, ಲಕ್ಷ್ಮೇಶ್ವರದ ಅಗಡಿ ಎಂಜಿನಿಯರಿಂಗ್ ಕಾಲೇಜುಗಳೂ ದೂರವಿಲ್ಲ.

ಮುಂಡರಗಿಯ ಇಲ್ಲವೇ ಶಿರಹಟ್ಟಿಯ ಎಂಜಿನಿಯರಿಂಗ್ ವಿದ್ಯಾರ್ಥಿ ತನ್ನ ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಇಂಥ ವಾದ್ಯವನ್ನೇ ಆರಿಸಿಕೊಳ್ಳಬಹುದು. ಆದರೆ ವಾದ್ಯ ಸಿದ್ಧವಾದ ಮೇಲೆ ಗಾಯಕರನ್ನು ಕರೆದರೆ ಸಾಲದು. ಯಾವ ಚಲನೆಗೆ ಯಾವ ನಾದ ಎಂಬುದನ್ನು ಮೊದಲ ದಿನದಿಂದಲೇ ಅವರ ಜೊತೆ ಕೂತು ಗೊತ್ತುಮಾಡಬೇಕು. ಭೂಪ ರಾಗದ ಗಾಂಧಾರ ಸ್ವರ ಎಲ್ಲಿ ನಿಲ್ಲಬೇಕೆಂದು ಸೆನ್ಸರ್‌ಗೆ ತಿಳಿಯದು, ಸಾಧಕನಿಗೆ ತಿಳಿದಿದೆ.