ಆತ್ಮದ ಇನ್ನೊಂದು ಅರ್ಧ

ಹಂಪೆಯ ವಿರೂಪಾಕ್ಷನ ತೇರಿನ ದಿನ ರಥಬೀದಿಯಲ್ಲಿ ಕಾಲಿಡಲು ಎಡೆಯಿರುವುದಿಲ್ಲ. ಆ ಜನಸಂದಣಿಯ ನಡುವೆ ನಿಂತವನೂ ತನಗಾರೂ ಇಲ್ಲವೆಂದು ಕೊರಗಬಹುದು. ಸಮೀಪದ ಬುಕ್ಕಸಾಗರದಲ್ಲಿ, ತುಂಗಭದ್ರೆಯ ದಡದ ಬಂಡೆಯ ಮೇಲೆ ಒಬ್ಬನೇ ಕುಳಿತವನ ಮನಸ್ಸು ತುಂಬಿರಬಹುದು. ಮೊದಲನೆಯದು ಒಂಟಿತನ, ಎರಡನೆಯದು ಏಕಾಂತ. ಇವುಗಳ ಅಂತರವನ್ನು ತಮ್ಮ ಬಾಳಿನಲ್ಲಿಯೇ ಕಂಡುಕೊಂಡ ಕ್ರೈಸ್ತ ಚಿಂತಕರೊಬ್ಬರು ಕೆಲಕಾಲ ಕರ್ನಾಟಕದಲ್ಲಿಯೂ ನೆಲಸಿದ್ದರು. ಅವರೇ ಬೀಡ್ ಗ್ರಿಫಿತ್ಸ್.

1906ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಗ್ರಿಫಿತ್ಸರು ಆಕ್ಸ್‌ಫರ್ಡಿನಲ್ಲಿ ಓದಿದರು. ಯಂತ್ರನಾಗರಿಕತೆಗೆ ಬೇಸತ್ತು, ಇಬ್ಬರು ಗೆಳೆಯರೊಡನೆ ಹಳ್ಳಿಯ ಮನೆಯೊಂದರಲ್ಲಿ ಹಸು ಸಾಕಿಕೊಂಡು ಬಾಳಲು ಯತ್ನಿಸಿದರು. ಆ ಪ್ರಯೋಗ ಒಂದು ವರ್ಷವೂ ನಡೆಯಲಿಲ್ಲ. ಬಳಿಕ ಬೆನೆಡಿಕ್ಟ್ ಪಂಥದ ಸನ್ಯಾಸಿಗಳಾದರು. ಮಠದಲ್ಲಿ ಏಕಾಂತವೇನೋ ದೊರೆಯಿತು. ಆದರೆ ತಮ್ಮ ಆತ್ಮದ ಇನ್ನೊಂದು ಅರ್ಧವನ್ನು ಇನ್ನೂ ಕಾಣಬೇಕಾಗಿದೆ ಎಂದು ಅವರಿಗೆ ತೋರಿತು. ಅದನ್ನು ಅರಸಿ 1955ರಲ್ಲಿ ಭಾರತಕ್ಕೆ ಬಂದು, ಬೆಂಗಳೂರಿನ ಬಳಿಯ ಕೆಂಗೇರಿಯಲ್ಲಿ ಆಶ್ರಮ ಹೂಡಿದರು.

ಅಲ್ಲಿ ಅವರಿಗೊಂದು ಪಾಠ ಕಾದಿತ್ತು. ಮಂಚ, ಮೇಜು, ಕುರ್ಚಿಗಳಷ್ಟೇ ಇದ್ದ ತಮ್ಮ ಕೋಣೆಯನ್ನು ಅವರು ಬಡತನವೆಂದು ಬಗೆದಿದ್ದರು. ಚಾಪೆಯ ಮೇಲೆ ಮಲಗುವ ಸುತ್ತಲಿನ ಹಳ್ಳಿಗರಿಗೆ ಅದೇ ಸಿರಿತನ! ಪ್ರೀತಿಯನ್ನು ಬೋಧಿಸುವವರೂ ನೆರೆಯವರಿಂದ ಎಷ್ಟು ದೂರವಿರಬಲ್ಲರು! 1958ರಲ್ಲಿ ಕೇರಳದ ಕುರಿಸುಮಲೆಗೆ ತೆರಳಿದ ಮೇಲೆ ಅವರು ಕಾವಿಯುಟ್ಟು, ಬರಿಗಾಲಿನಲ್ಲಿ ನಡೆದು, ನೆಲದ ಮೇಲೆ ಕುಳಿತು ಕೈಯಿಂದ ಉಂಡರು. 1968ರಿಂದ ತಮಿಳುನಾಡಿನಲ್ಲಿ, ಕಾವೇರಿಯ ದಡದ ಶಾಂತಿವನವೇ ಅವರ ನೆಲೆಯಾಯಿತು.

ತನ್ನ ಸುತ್ತ ತಾನೇ ಬೇಲಿ ಕಟ್ಟಿಕೊಂಡ 'ನಾನು' ಪೂರ್ಣ ಮನುಷ್ಯನಲ್ಲವೆಂಬುದು ಅವರ ವಿಚಾರದ ತಿರುಳು. ಇತರರೊಡನೆ ಬೆಸೆದಾಗಲೇ ಮನುಷ್ಯನು ತನ್ನನ್ನು ಅರಿಯುತ್ತಾನೆ. ಕ್ರೈಸ್ತರು ನಂಬುವ ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿತ್ವದಲ್ಲಿ ದೇವರ ಸ್ವರೂಪವೇ ಪ್ರೇಮಸಂಬಂಧವೆಂದು ಅವರು ಕಂಡರು. ಉಪನಿಷತ್ತುಗಳನ್ನು ಆದರದಿಂದ ಅಭ್ಯಸಿಸಿದರೂ, ಐಕ್ಯವೆಂದರೆ ವ್ಯಕ್ತಿಗಳು ಅಳಿದುಹೋಗುವುದೆಂಬ ಮಾತನ್ನು ಅವರು ಒಪ್ಪಲಿಲ್ಲ. ಒಲಿದ ಇಬ್ಬರು ಒಂದಾಗುತ್ತಾರೆ. ಆದರೂ ಇಬ್ಬರಾಗಿಯೇ ಉಳಿಯುತ್ತಾರೆ. ಇಬ್ಬರಿಲ್ಲದೆ ಪ್ರೀತಿಯೆಲ್ಲಿ?

ಇಷ್ಟೆಲ್ಲ ಬರೆದವರು ಬಹುಕಾಲ ಬುದ್ಧಿಯಿಂದಲೇ ಬದುಕಿದ್ದರೆಂಬುದು ವಿಚಿತ್ರ. 1990ರ ಜನವರಿಯಲ್ಲಿ, ಎಂಬತ್ತಮೂರರ ವಯಸ್ಸಿನಲ್ಲಿ, ಅವರಿಗೆ ಪಾರ್ಶ್ವವಾಯುವಿನ ಆಘಾತವಾಯಿತು. ಸಾವು ಬಂದಿತೆಂದೇ ತಿಳಿದರು. ತಾಯಿಗೆ ಶರಣಾಗಬೇಕೆಂಬ ಪ್ರೇರಣೆ ಒಳಗಿನಿಂದ ಮೂಡಿತು. ಶರಣಾದೊಡನೆ ಪ್ರೀತಿಯ ಅಲೆಗಳು ತಮ್ಮನ್ನು ಮುಳುಗಿಸಿದವೆಂದು ಅವರು ಹೇಳಿಕೊಂಡರು. ಚೇತರಿಸಿಕೊಂಡ ಬಳಿಕ ಮೂರು ವರ್ಷ ಬದುಕಿದ್ದು, 1993ರ ಮೇ 13ರಂದು ಶಾಂತಿವನದ ತಮ್ಮ ಗುಡಿಸಲಿನಲ್ಲಿ ಕಣ್ಮುಚ್ಚಿದರು. ಅವರ ಸಮಾಧಿಯೂ ಅಲ್ಲಿಯೇ ಇದೆ.