ಜ್ವರ ಬಂದ ರಾತ್ರಿ ಎದ್ದು ಬರುವವರು ಯಾರು?

ಪಶ್ಚಿಮ ರೈಲ್ವೆಯ ಲೋಕಲ್‌ಗಳು 2013ರಿಂದ ವಿರಾರ್ ದಾಟಿ ಡಹಾಣೂವರೆಗೂ ಓಡುತ್ತಿವೆ. ಆ ದಾರಿಯಲ್ಲಿ ಪಾಲ್ಘರ್‌ನಲ್ಲಿ ಇಳಿದು ವಿಕ್ರಮಗಡ, ಜವ್ಹಾರ್, ಮೊಖಾಡಾ ಕಡೆಗೆ ಘಾಟಿ ಏರಿದರೆ ವಾರ್ಲಿ, ಕಾತಕರಿ, ಕೋಕಣಾ ಜನರ ಪಾಡಾಗಳು, ಅಂದರೆ ಹಾಡಿಗಳು, ಸಿಗುತ್ತವೆ. ಅಲ್ಲಿನ ಮಕ್ಕಳಿಗೆ ಓದು, ಊಟ, ವಸತಿ ಮೂರೂ ಸಿಗುವುದು ಮಹಾರಾಷ್ಟ್ರ ಆದಿವಾಸಿ ವಿಕಾಸ ಇಲಾಖೆಯ ಆಶ್ರಮಶಾಲೆಗಳಲ್ಲಿ. ಮುಂಬಯಿಯ ದೊಡ್ಡಾಸ್ಪತ್ರೆಗಳಿಂದ ಕೆಲವೇ ಗಂಟೆಗಳ ದಾರಿ. ಆದರೂ ಮಗುವಿಗೆ ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಗುವುದು ಇಲ್ಲಿ ಇಂದಿಗೂ ಸುಲಭವಲ್ಲ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮಕ್ಕೆ 2013ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ಇದೇ ಪಾಲ್ಘರ್‌ನಲ್ಲಿ. ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್ ಇರುವ ಸಂಚಾರಿ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬಂದು 30 ಬಗೆಯ ತೊಂದರೆಗಳಿಗಾಗಿ ಮಕ್ಕಳನ್ನು ಪರೀಕ್ಷಿಸಬೇಕು. ಒಳ್ಳೆಯ ಯೋಜನೆ. ಆದರೆ ಮನೆಯಲ್ಲಿರುವ ಮಗುವಿನ ಮೇಲೆ ಉಳಿದೆಲ್ಲ ದಿನ ಅಮ್ಮನ ಕಣ್ಣಿರುತ್ತದೆ. ವಸತಿ ಶಾಲೆಯಲ್ಲಿ ಆ ಕಣ್ಣು ಯಾರದು? ಆಶ್ರಮಶಾಲೆಗಳಲ್ಲಿ ಮಕ್ಕಳ ಸಾವಿನ ಬಗ್ಗೆ ಡಾ. ಸುಭಾಷ್ ಸಾಳುಂಖೆ ನೇತೃತ್ವದ ಸಮಿತಿ 2016ರಲ್ಲಿ ವರದಿ ಕೊಟ್ಟ ಮೇಲೂ ಈ ಪ್ರಶ್ನೆ ಹಾಗೇ ಇದೆ.

ಮೊಬೈಲ್ ನೆರವಿಗೆ ಬರಬಹುದಾದದ್ದು ಇಲ್ಲಿ. ಜೂನ್‌ನಲ್ಲಿ 31 ಕೆ.ಜಿ. ಇದ್ದ ಹುಡುಗಿ ಆಗಸ್ಟ್‌ನಲ್ಲಿ 29 ಕೆ.ಜಿ.ಗೆ ಇಳಿದಳು ಎನ್ನಿ. ರಿಜಿಸ್ಟರ್‌ನಲ್ಲಿ ಬರೆದಿಟ್ಟರೆ ಅದು ನೂರಾರು ಅಂಕಿಗಳ ನಡುವೆ ಕಳೆದುಹೋಗುತ್ತದೆ. ಬೆಳೆಯುವ ವಯಸ್ಸಿನ ಮಗುವಿನ ತೂಕ ಇಳಿಯಬಾರದು. ಇಳಿದರೆ ಕ್ಷಯ, ಜಂತುಹುಳು, ಊಟ ಸೇರದಿರುವುದು, ಏನು ಬೇಕಾದರೂ ಕಾರಣವಿರಬಹುದು. ಹಿಂದಿನ ತಿಂಗಳ ತೂಕದ ಜೊತೆ ಹೋಲಿಸಿ ಕೂಡಲೇ ಎಚ್ಚರಿಸುವ ಕೆಲಸವನ್ನು ಸಾಧಾರಣ ಸ್ಮಾರ್ಟ್‌ಫೋನ್ ಮಾಡಬಲ್ಲದು. ನೆಟ್‌ವರ್ಕ್ ಸಿಗದ ಕಣಿವೆಗಳಲ್ಲಿ ಮಾಹಿತಿಯನ್ನು ಫೋನಿನಲ್ಲೇ ಉಳಿಸಿಕೊಂಡು, ಸಿಗ್ನಲ್ ಬಂದಾಗ ಕಳಿಸುವ ವ್ಯವಸ್ಥೆಯಂತೂ ಇರಲೇಬೇಕು.

ಸಿಕಲ್ ಸೆಲ್ ಕಾಯಿಲೆಯ ವಿಷಯದಲ್ಲಿ ಫೋನಿನಲ್ಲಿರುವ ಇಂಥ ದಾಖಲೆ ಜೀವ ಉಳಿಸುವಂಥದ್ದು. ರಕ್ತಕಣಗಳು ಕುಡಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಕೈಕಾಲು, ಎದೆ, ಬೆನ್ನಿನಲ್ಲಿ ತಡೆಯಲಾರದ ನೋವು. ಚಳಿ, ನೀರು ಕಡಿಮೆ ಕುಡಿದದ್ದು, ಸೋಂಕು ಇವೆಲ್ಲ ಆ ನೋವನ್ನು ಕೆರಳಿಸುತ್ತವೆ. ಗೊತ್ತಿಲ್ಲದ ಮೇಷ್ಟ್ರಿಗೆ ಅದು ಶಾಲೆ ತಪ್ಪಿಸುವ ನೆಪವಾಗಿ ಕಂಡೀತು. ಗೊತ್ತಿದ್ದವರಿಗೆ ಆ ಮಗುವಿನ ಜ್ವರವೆಂದರೆ ತುರ್ತು ಸ್ಥಿತಿ. ಪರೇಲ್‌ನ ಕೆಇಎಂ ಆಸ್ಪತ್ರೆ ಆವರಣದಲ್ಲಿರುವ ಐಸಿಎಂಆರ್‌ನ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆ ಈ ಕಾಯಿಲೆಯನ್ನು ದಶಕಗಳಿಂದ ಅಧ್ಯಯನ ಮಾಡುತ್ತಿದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ನಿರ್ಮೂಲನಾ ಅಭಿಯಾನ, 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡು ಫಲಿತಾಂಶಗಳನ್ನು ಆ್ಯಪ್‌ನಲ್ಲೇ ದಾಖಲಿಸುತ್ತಿದೆ. ಮಗು ಪಾಡಾದಿಂದ ಶಾಲೆಗೆ, ದೀಪಾವಳಿ ರಜೆಗೆ ಮತ್ತೆ ಊರಿಗೆ ಓಡಾಡುವಾಗ ಎರಡು ಆರೋಗ್ಯ ಕೇಂದ್ರಗಳ ನಡುವೆ ಕೈತಪ್ಪುವುದುಂಟು. ಅದರ ಜೊತೆಗೇ ದಾಖಲೆಯೂ ಸಾಗಿದರೆ ಔಷಧಿ ನಿಲ್ಲುವುದಿಲ್ಲ.

ಎಚ್ಚರವೂ ಬೇಕು. ಸಿಕಲ್ ಸೆಲ್ ಇದೆ ಎಂಬ ಮಾತು ಹೊರಬಿದ್ದರೆ ಹೆಣ್ಣುಮಗುವಿನ ಮದುವೆಗೇ ಅಡ್ಡಿಯಾದೀತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆಯ ಮಾತಾಡುತ್ತದೆ. ಓದುಬರಹ ಬಾರದ ತಂದೆತಾಯಿಗೆ ಅವರ ನುಡಿಯಲ್ಲೇ ವಿಷಯ ತಿಳಿಸಿ ಒಪ್ಪಿಗೆ ಪಡೆಯಬೇಕು. ಹೆಬ್ಬೆಟ್ಟು ಒತ್ತಿಸಿಕೊಂಡರೆ ಸಾಲದು. ಮಕ್ಕಳ ಕಾಯಿಲೆಯ ವಿವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಲೇಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು, ಎಚ್ಚರಿಕೆಯ ಸಂದೇಶ ಬಂದ ಮೇಲೆ ಹೊರಡುವವರು ಯಾರು ಎಂಬುದು. ಯಾವ ವೈದ್ಯರು, ಯಾವ ವಾಹನ, ಎಷ್ಟು ಹೊತ್ತಿನೊಳಗೆ ಎನ್ನುವುದು ಮೊದಲೇ ನಿರ್ಧಾರವಾಗದಿದ್ದರೆ ಆ್ಯಪ್ ಇದ್ದೂ ಪ್ರಯೋಜನವಿಲ್ಲ. ಶಾಲೆಗೊಬ್ಬ ನರ್ಸ್, ಒಂದು ಶುಶ್ರೂಷಾ ಕೊಠಡಿ, ರಾತ್ರಿ ಸಿಗುವ ಗಾಡಿ, ಇವು ಮೊದಲು. ಫೋನ್ ಇವಕ್ಕೆ ಪೂರಕ.

ಈ ಮಾತು ಕರ್ನಾಟಕದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ, ವಾಲ್ಮೀಕಿ ಆಶ್ರಮ ಶಾಲೆಗಳಿಗೂ ಅನ್ವಯಿಸುತ್ತದೆ. ನಿಮ್ಮ ಮಗುವೋ ನೆಂಟರ ಮಗುವೋ ಅಲ್ಲಿ ಓದುತ್ತಿದ್ದರೆ, ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆಗೆ ತೂಕ ಮತ್ತು ಹಿಮೋಗ್ಲೋಬಿನ್ ದಾಖಲೆಯನ್ನೂ ಕೇಳಿ ಪಡೆಯಿರಿ. ರಾತ್ರಿ ಜ್ವರ ಬಂದರೆ ಕರೆಯಬೇಕಾದವರ ಹೆಸರನ್ನೂ ಕೇಳಿ. ಅದು ನಿಮ್ಮ ಹಕ್ಕು.