ಮೂಲವೂ ಪ್ರತಿಯೂ

ಓಲೆಗರಿಗಳ ಕಾಲದ ಲಿಪಿಕಾರನಂತೆ, ದತ್ತಸಂಚಯವನ್ನು ಹೊತ್ತ ಮುಖ್ಯ ಗಣಕಕ್ಕೂ ಒಂದು ಪ್ರತಿಗಣಕವುಂಟು. ಮೂಲದಲ್ಲಾಗುವ ಒಂದೊಂದು ಬದಲಾವಣೆಯೂ ದಿನಚರಿಯಲ್ಲಿ ದಾಖಲಾಗುತ್ತದೆ; ಅದನ್ನೋದಿ ಪ್ರತಿಯು ತನ್ನನ್ನು ತಿದ್ದಿಕೊಳ್ಳುತ್ತದೆ. ಓದುವ ಮೊದಲೇ ದಿನಚರಿಯ ಹಾಳೆಗಳು ಅಳಿದರೆ, ಪ್ರತಿಯನ್ನು ಬರಿದುಮಾಡಿ ಮೂಲದಿಂದ ಹೊಸದಾಗಿ ನಕಲಿಳಿಸದೆ ಗತ್ಯಂತರವಿಲ್ಲ.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ತಂತ್ರಜ್ಞರೊಬ್ಬರು ಹೀಗೆ ಪ್ರತಿಯನ್ನು ಬರಿದುಮಾಡಹೊರಟು ಮೂಲವನ್ನೇ ಅಳಿಸಿದರು. ಒಂದೆರಡು ಕ್ಷಣಗಳಲ್ಲೇ ತಡೆದರೂ ಸುಮಾರು 300 ಗಿಗಾಬೈಟ್ ಮಾಹಿತಿ ಹೋಗಿತ್ತು. ನಿತ್ಯದ ಕಾಪುಪ್ರತಿಗಳು ಸಿದ್ಧವಾಗುತ್ತಲೇ ಇರಲಿಲ್ಲವೆಂಬುದೂ ಆಗಲೇ ತಿಳಿಯಿತು. ಕಾಪಾಡಿದ್ದು, ಬೇರೊಂದು ಕೆಲಸಕ್ಕೆಂದು ಸುಮಾರು ಆರು ಗಂಟೆಗಳ ಹಿಂದೆ ತೆಗೆದಿರಿಸಿದ್ದ, ಸಂಗ್ರಹದ ಒಂದು ಕ್ಷಣಚಿತ್ರ. ಆ ಆರು ಗಂಟೆಗಳಲ್ಲಿ ದತ್ತಸಂಚಯಕ್ಕೆ ಸೇರಿದ್ದು ಮಾತ್ರ ಮರಳಲಿಲ್ಲ.

ಪ್ರತಿಯಿದೆಯೆಂಬ ನಂಬಿಕೆ ಸಾಲದು. ಅದನ್ನು ಆಗಾಗ ತೆರೆದು ಮೂಲದೊಡನೆ ತಾಳೆನೋಡಬೇಕು. ಅಳಿಸುವ ಮುನ್ನವಂತೂ, ಎದುರಿಗಿರುವುದು ಮೂಲವೋ ಪ್ರತಿಯೋ ಎಂದು ಕೇಳಿಕೊಳ್ಳಲೇಬೇಕು.